ಬೀಳುವವರಿಗೆಲ್ಲ ಒಂದೇ ನ್ಯಾಯ

ತೆಂಗಿನಕಾಯಿ ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದರ ಮೇಲೆ ಒಂದು ವೈದ್ಯಕೀಯ ಪ್ರಬಂಧವಿದೆ. ಬರೆದವರು ಕೆನಡಾದ ವೈದ್ಯ ಪೀಟರ್ ಬಾರ್ಸ್. ಅದು 1984ರಲ್ಲಿ, ಗಾಯ-ಅಪಘಾತಗಳಿಗೇ ಮೀಸಲಾದ ಒಂದು ಗಂಭೀರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಪಪುವಾ ನ್ಯೂಗಿನಿಯ ಅಲೊಟಾವು ಎಂಬಲ್ಲಿನ ಆಸ್ಪತ್ರೆಯ ನಾಲ್ಕು ವರ್ಷದ ದಾಖಲೆಗಳನ್ನು ಬಾರ್ಸ್ ತಿರುವಿ ಹಾಕಿದ್ದರು. ಪೆಟ್ಟಾಗಿ ಬಂದು ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿಗೆ ಪೆಟ್ಟು ಕೊಟ್ಟದ್ದು ಮೇಲಿಂದ ಬಿದ್ದ ತೆಂಗಿನಕಾಯಿ. ಪ್ರಬಂಧದಲ್ಲಿ ವಿವರಿಸಿದ ನಾಲ್ವರಲ್ಲಿ ಇಬ್ಬರಿಗೆ ತಲೆಬುರುಡೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, ಇನ್ನಿಬ್ಬರು ಊರಿನಲ್ಲೇ, ಪೆಟ್ಟು ಬಿದ್ದ ಕೂಡಲೇ ತೀರಿಕೊಂಡಿದ್ದರು. 2001ರಲ್ಲಿ ಈ ಪ್ರಬಂಧಕ್ಕೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ತಮಾಷೆಯ ಬಹುಮಾನ ಅದು. ಕರಾವಳಿಯಲ್ಲೋ ತಿಪಟೂರಿನ ಕಡೆಯೋ ತೋಟದ ನಡುವೆ ಬೆಳೆದವರಿಗೆ ಇದರಲ್ಲಿ ನಗಲು ಏನಿದೆ ಎಂದು ಅನ್ನಿಸಿದರೆ ತಪ್ಪಿಲ್ಲ.

ಹೊಡೆತದ ಬಲ ಒಂದು ಟನ್ ದಾಟಬಹುದು ಎಂದು ಬಾರ್ಸ್ ಬರೆದರು. ಎರಡು ಕಿಲೋದ ಕಾಯಿಗೆ ಒಂದು ಟನ್ ಎಲ್ಲಿಂದ ಬಂತು? ಲೆಕ್ಕ ಹೈಸ್ಕೂಲಿನದೇ. ಇಪ್ಪತ್ತೈದು ಮೀಟರ್ ಎತ್ತರದ ಮರದಿಂದ ತೊಟ್ಟು ಕಳಚಿದ ಕಾಯಿ ನೆಲ ಮುಟ್ಟಲು ಎರಡೂಕಾಲು ಸೆಕೆಂಡು ಸಾಕು. ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಮುಂದೆ ಇದು ನಿಧಾನವೇ, ಆದರೆ ಕಾಯಿಯ ತೂಕ ಚೆಂಡಿನ ಹನ್ನೆರಡು ಪಟ್ಟು. ಹಾಗಾಗಿ ಅದು ಹೊತ್ತು ತರುವ ಶಕ್ತಿ ಚೆಂಡಿನದರ ಮೂರೂವರೆ ಪಟ್ಟು. ಈ ಶಕ್ತಿಯನ್ನು ಭೂಮಿ ಇಪ್ಪತ್ತೈದು ಮೀಟರ್ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಕೂಡಿಸಿ ಕೊಟ್ಟದ್ದು. ಅಷ್ಟನ್ನೂ ತಲೆ ಮತ್ತು ಕುತ್ತಿಗೆ ಸೇರಿ ಐದು ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಬೇಕು. ಇಪ್ಪತ್ತೈದು ಮೀಟರಿನಲ್ಲಿ ಐದು ಸೆಂಟಿಮೀಟರ್ ಐನೂರು ಸಲ ಹೋಗುತ್ತದೆ. ಎರಡು ಕಿಲೋವನ್ನು ಐನೂರರಿಂದ ಗುಣಿಸಿದರೆ ಒಂದು ಟನ್. ಅದೇ ಕಾಯಿ ಸಡಿಲ ಮರಳಿನ ಮೇಲೆ ಬಿದ್ದು ಇನ್ನಷ್ಟು ಆಳಕ್ಕೆ ಹೂತರೆ ಬಲ ಅಷ್ಟಕ್ಕಷ್ಟು ಕಡಿಮೆ. ಬೀಳುವ ದೂರವನ್ನೂ ನಿಲ್ಲುವ ದೂರವನ್ನೂ ಎದುರುಬದುರು ಇಟ್ಟರೆ ಪೆಟ್ಟಿನ ಲೆಕ್ಕ ಮುಗಿಯಿತು. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲ್ ಪದರ ಮಾಡುವುದು ಇಷ್ಟೇ, ನಿಲ್ಲುವ ದೂರಕ್ಕೆ ಒಂದೆರಡು ಸೆಂಟಿಮೀಟರ್ ಸೇರಿಸುವುದು.

ಪ್ರಪಂಚದಲ್ಲಿ ವರ್ಷಕ್ಕೆ 150 ಜನ ತೆಂಗಿನಕಾಯಿ ಬಿದ್ದು ಸಾಯುತ್ತಾರೆ, ಶಾರ್ಕ್ ಮೀನಿಗಿಂತ ತೆಂಗಿನಕಾಯಿಯೇ ಅಪಾಯ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಬಾರ್ಸ್ ಪ್ರಬಂಧದಲ್ಲಿ ಆ ಸಂಖ್ಯೆಯೇ ಇಲ್ಲ. ವಿಮೆ ಮಾರುವವರ ಒಂದು ಪತ್ರಿಕಾ ಹೇಳಿಕೆಯಲ್ಲಿ ಹುಟ್ಟಿ, ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸುತ್ತಾ ಅದಕ್ಕೆ ವಿಜ್ಞಾನದ ಮುದ್ರೆ ಬಿತ್ತು. ಸುದ್ದಿ ಬೀಳುವ ವೇಗಕ್ಕೆ ಯಾವ ಗಾಳಿಯೂ ತಡೆ ಒಡ್ಡುವುದಿಲ್ಲ.

ಈಗ ಒಂದೇ ಮರದಿಂದ ಎರಡು ಕಾಯಿ ಒಟ್ಟಿಗೆ ಕಳಚಿದವು ಎನ್ನೋಣ, ಒಂದು ಬಲಿತದ್ದು, ಇನ್ನೊಂದು ಅದರ ಕಾಲುಭಾಗ ತೂಕದ್ದು. ಯಾವುದು ಮೊದಲು ನೆಲ ಮುಟ್ಟುತ್ತದೆ? ವಿಜ್ಞಾನದ ವಿದ್ಯಾರ್ಥಿಯೂ ಥಟ್ಟನೆ ಕೇಳಿದರೆ ಒಂದು ಕ್ಷಣ ತಡವರಿಸುತ್ತಾನೆ. ಕೈಗೆ ಭಾರವೆನಿಸುವುದು ಬೇಗ ಬೀಳಬೇಕು ಎಂದು ಮೈ ಹೇಳುತ್ತದೆ. ಅರಿಸ್ಟಾಟಲ್ ಹೇಳಿದ್ದೂ ಅದನ್ನೇ, ಹತ್ತು ಪಟ್ಟು ಭಾರದ್ದು ಹತ್ತು ಪಟ್ಟು ಬೇಗ ಎಂದು. ಅವನನ್ನು ದಡ್ಡನೆನ್ನುವುದು ಸುಲಭ, ನ್ಯಾಯವಲ್ಲ. ಅವನು ಕಂಡ ಲೋಕದಲ್ಲಿ ಎಲೆ ತೇಲುತ್ತಾ ಬೀಳುತ್ತಿತ್ತು, ಕಲ್ಲು ಧೊಪ್ಪನೆ ಬೀಳುತ್ತಿತ್ತು. ನೀರಿನೊಳಗೆ ಮುಳುಗುವ ವಸ್ತುಗಳನ್ನು ನೋಡಿದರೆ ಅವನ ಮಾತು ಅರ್ಧ ನಿಜವೂ ಹೌದು.

ಅವನ ಮಾತಿನೊಳಗಿನ ಬಿರುಕನ್ನು ಗೆಲಿಲಿಯೊ ತೋರಿಸಿದ್ದು ಕುರ್ಚಿಯಿಂದ ಏಳದೆ. ಭಾರದ ಕಲ್ಲು ಬೇಗ ಬೀಳುತ್ತದೆ, ಹಗುರ ಕಲ್ಲು ನಿಧಾನ ಎಂದು ಒಪ್ಪಿಕೊಳ್ಳಿ. ಎರಡನ್ನೂ ದಾರದಿಂದ ಕಟ್ಟಿ ಬಿಡಿ. ಹಗುರ ಕಲ್ಲು ಹಿಂದಕ್ಕೆ ಎಳೆಯುವುದರಿಂದ ಜೋಡಿ ಕಲ್ಲು ಭಾರದ ಕಲ್ಲಿಗಿಂತ ನಿಧಾನವಾಗಬೇಕು. ಆದರೆ ಎರಡೂ ಸೇರಿದ ತೂಕ ಭಾರದ ಕಲ್ಲಿಗಿಂತ ಹೆಚ್ಚು, ಆದ್ದರಿಂದ ಜೋಡಿ ಇನ್ನೂ ಬೇಗ ಬೀಳಬೇಕು. ಒಂದೇ ಜೋಡಿ ನಿಧಾನವೂ ಬೇಗವೂ ಆಗಲಾರದು. ಎಲ್ಲವೂ ಒಂದೇ ಬಗೆಯಲ್ಲಿ ಬೀಳುತ್ತವೆ ಎಂದುಕೊಂಡರೆ ಮಾತ್ರ ಈ ಇಕ್ಕಟ್ಟಿನಿಂದ ಹೊರಬರಬಹುದು. ಭೌತವಿಜ್ಞಾನದ ಇತಿಹಾಸದಲ್ಲಿ ಇಷ್ಟು ಕಡಿಮೆ ಖರ್ಚಿನ ಪ್ರಯೋಗ ಇನ್ನೊಂದಿಲ್ಲ.

ಪೀಸಾದ ವಾಲುಗೋಪುರದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಬರೆದದ್ದು ಗೆಲಿಲಿಯೊನ ಕೊನೆಯ ವರ್ಷಗಳ ಶಿಷ್ಯ ವಿನ್ಸೆಂಜೊ ವಿವಿಯಾನಿ, ಗುರು ತೀರಿಕೊಂಡ ಮೇಲೆ. ಗೆಲಿಲಿಯೊ ತಾನೇ ಆ ಗೋಪುರದ ಹೆಸರೆತ್ತಿ ಇಂಥ ಪ್ರಯೋಗ ಮಾಡಿದೆ ಎಂದು ಎಲ್ಲೂ ಬರೆದಿಲ್ಲ. ಎತ್ತರದಿಂದ ಗುಂಡು ಬಿಟ್ಟು ನೋಡಿದ್ದಕ್ಕೆ ದಾಖಲೆಯಿರುವವನು ಡಚ್ ಎಂಜಿನಿಯರ್ ಸೈಮನ್ ಸ್ಟೆವಿನ್. 1586ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಬರೆದಂತೆ, ಒಂದಕ್ಕಿಂತ ಒಂದು ಹತ್ತು ಪಟ್ಟು ತೂಗುವ ಎರಡು ಸೀಸದ ಗುಂಡುಗಳನ್ನು ಅವನೂ ಗೆಳೆಯನೂ ಮೂವತ್ತು ಅಡಿ ಎತ್ತರದಿಂದ ಮರದ ಹಲಗೆಯ ಮೇಲೆ ಬಿಟ್ಟರು. ಕೇಳಿಸಿದ್ದು ಒಂದೇ ಸದ್ದು. ಕಣ್ಣನ್ನು ನಂಬದೆ ಕಿವಿಯನ್ನು ನಂಬಿದ್ದು ಸ್ಟೆವಿನ್‌ನ ಜಾಣತನ.

ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಕೊನೆಯ ಪುಸ್ತಕದಲ್ಲಿ ಒಂದು ಸೊಗಸಾದ ಜಗಳವಿದೆ. ಎತ್ತರದಿಂದ ಬಿಟ್ಟಾಗ ಭಾರದ ಗುಂಡು ಹಗುರ ಗುಂಡಿಗಿಂತ ಎರಡು ಬೆರಳಷ್ಟು ಮುಂದಿರುತ್ತದೆ ಎಂದು ಅಲ್ಲಿ ಅವನ ಪಾತ್ರವೇ ಒಪ್ಪಿಕೊಳ್ಳುತ್ತದೆ. ಅರಿಸ್ಟಾಟಲ್‌ನ ಲೆಕ್ಕದಲ್ಲಾದರೆ ಭಾರದ್ದು ನೂರು ಮೊಳ ಬಿದ್ದು ಮುಗಿಸುವಾಗ ಹಗುರದ್ದು ಒಂದೇ ಮೊಳ ಇಳಿದಿರಬೇಕು. ನನ್ನ ಎರಡು ಬೆರಳಿನ ಮರೆಯಲ್ಲಿ ಅವನ ತೊಂಬತ್ತೊಂಬತ್ತು ಮೊಳವನ್ನು ಅಡಗಿಸಬೇಡಿ ಎಂಬರ್ಥದಲ್ಲಿ ಆ ಪಾತ್ರ ಎದುರಾಳಿಯನ್ನು ಚುಚ್ಚುತ್ತದೆ. ಆ ಎರಡು ಬೆರಳಿನ ಅಂತರಕ್ಕೆ ಕಾರಣ ಗಾಳಿ ಎಂದೂ ಅವನಿಗೆ ಗೊತ್ತಿತ್ತು.

ನೇರವಾಗಿ ಬೀಳುವುದನ್ನು ಅಳೆಯುವುದು ಅವನ ಕಾಲದಲ್ಲಿ ಆಗದ ಮಾತು. ಐವತ್ತಾರು ಮೀಟರಿನ ಪೀಸಾ ಗೋಪುರದಿಂದಲೂ ಪತನ ಮೂರೂವರೆ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಅಷ್ಟು ಸಣ್ಣ ಹೊತ್ತನ್ನು ನೆಚ್ಚಿಕೆಯಿಂದ ಅಳೆಯುವ ಗಡಿಯಾರ ಅವನ ಬಳಿ ಇರಲಿಲ್ಲ. ಹಾಗಾಗಿ ಅವನು ಹಲಗೆಯನ್ನು ಓರೆಯಾಗಿಟ್ಟು, ತೋಡು ಕೊರೆದು, ಅದರಲ್ಲಿ ಕಂಚಿನ ಗುಂಡು ಉರುಳಿಸಿದ. ಮಲೆನಾಡಿನ ಅಡಿಕೆ ತೋಟದಲ್ಲಿ ಮರದ ತುದಿಯಿಂದ ಕೊನೆಯನ್ನು ಎಸೆಯದೆ, ಓರೆಯಾಗಿ ಹಿಡಿದ ಹಗ್ಗದ ಮೇಲೆ ಜಾರಿಸಿ ಇಳಿಸುವವರ ಉಪಾಯವೂ ಇದೇ. ಗುರುತ್ವದ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ಹಚ್ಚಿದರೆ ಬೀಳುವುದು ಕೈಹಿಡಿತಕ್ಕೆ ಬರುತ್ತದೆ. ತೊಟ್ಟಿಯಿಂದ ಸಣ್ಣಗೆ ಸುರಿಯುವ ನೀರನ್ನು ತೂಗಿ ಗೆಲಿಲಿಯೊ ಸಮಯ ಅಳೆದ. ಮೊದಲ ಘಳಿಗೆಯಲ್ಲಿ ಒಂದು ಪಾಲು ದೂರ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಐದು, ಆಮೇಲೆ ಏಳು. ನಮ್ಮ ತೆಂಗಿನಕಾಯಿಗೂ ಇದೇ ಬೆಸಸಂಖ್ಯೆಗಳ ಸಾಲು. ಮೊದಲ ಸೆಕೆಂಡಿನಲ್ಲಿ ಐದು ಮೀಟರಿಗೆ ಸ್ವಲ್ಪ ಕಡಿಮೆ, ಎರಡನೆಯದರಲ್ಲಿ ಹೆಚ್ಚುಕಡಿಮೆ ಹದಿನೈದು. ತಲೆಯೆತ್ತಿ ನೋಡಿ ಸರಿಯುವಷ್ಟರಲ್ಲಿ ಮುಗಿದುಹೋಗುವುದು ಇದಕ್ಕೇ.

ಗುರುತ್ವದ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯಿತು ಎನ್ನಬಹುದು. ಅದಕ್ಕೆ ಪಕ್ಷಪಾತ ಗೊತ್ತಿಲ್ಲ. ಬೀಳುವ ವಸ್ತುಗಳಲ್ಲಿ ಬಡವ-ಬಲ್ಲಿದರೆಂದು ಭೇದವೆಣಿಸುವುದೆಲ್ಲ ಗಾಳಿಯ ಕೆಲಸ, ಸ್ವಾರಸ್ಯವಿರುವುದೂ ಅಲ್ಲೇ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಮಳೆಹನಿ, ಗಾಳಿಯೇ ಇಲ್ಲದಿದ್ದರೆ, ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನಮ್ಮ ಮೇಲೆ ಅಪ್ಪಳಿಸುತ್ತಿತ್ತು. ಆಗುಂಬೆಯಲ್ಲಿ ಮನುಷ್ಯರು ಬದುಕುವ ಮಾತು ದೂರ, ಹೆಂಚೂ ಉಳಿಯುತ್ತಿರಲಿಲ್ಲ. ವಾಸ್ತವದಲ್ಲಿ ದಪ್ಪ ಹನಿಯ ವೇಗವೂ ಸೆಕೆಂಡಿಗೆ ಒಂಬತ್ತು ಮೀಟರ್ ದಾಟುವುದು ಕಡಿಮೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚುತ್ತದೆ. ತಡೆ ತೂಕಕ್ಕೆ ಸಮನಾದ ಕ್ಷಣದಿಂದ ವೇಗ ಏರುವುದೇ ನಿಲ್ಲುತ್ತದೆ. ಇದು ಆ ವಸ್ತುವಿನ ಅಂತಿಮ ವೇಗ. ತುಂತುರು ಹನಿಗೆ ಅದು ಸೆಕೆಂಡಿಗೆ ಎರಡು ಮೀಟರ್. ಮೋಡದೊಳಗಿನ ನುಣ್ಣನೆ ಹನಿಗೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಮಾತ್ರ. ಮೋಡ ತೇಲುತ್ತದೆ ಎನ್ನುತ್ತೇವೆ. ಅದರ ಹನಿಗಳು ಬೀಳುತ್ತಲೇ ಇರುತ್ತವೆ, ಆದರೆ ಒಂದು ಕಿಲೋಮೀಟರ್ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕಾಗುವುದರಿಂದ ಕೆಳಗಿನಿಂದ ಏಳುವ ಸಣ್ಣ ಗಾಳಿಯೂ ಅವನ್ನು ಹಿಡಿದು ನಿಲ್ಲಿಸುತ್ತದೆ. ಚಿತ್ರಗಳಲ್ಲಿ ಮಳೆಹನಿಗೆ ಕಣ್ಣೀರಿನ ಆಕಾರ ಕೊಡುತ್ತಾರಲ್ಲ, ಅದೂ ಸುಳ್ಳು. ಸಣ್ಣ ಹನಿ ಉರುಟು, ದೊಡ್ಡ ಹನಿ ತಳದಲ್ಲಿ ಗಾಳಿಯ ಒತ್ತಡಕ್ಕೆ ಚಪ್ಪಟೆ.

ಗಾಳಿಯ ಈ ನ್ಯಾಯದಲ್ಲಿ ಚಿಕ್ಕವರಿಗೆ ರಿಯಾಯಿತಿ ಹೆಚ್ಚು. ಒಂದು ಪ್ರಾಣಿಯ ಉದ್ದ-ಅಗಲ-ಎತ್ತರವನ್ನೆಲ್ಲ ಹತ್ತನೇ ಒಂದು ಪಾಲಿಗೆ ಇಳಿಸಿದರೆ ತೂಕ ಸಾವಿರದಲ್ಲೊಂದು ಪಾಲಾಗುತ್ತದೆ, ಗಾಳಿಗೆ ಒಡ್ಡುವ ಮೈ ಮಾತ್ರ ನೂರರಲ್ಲೊಂದು ಪಾಲು ಉಳಿಯುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ಚಿಕ್ಕದಕ್ಕೆ ಹತ್ತು ಪಟ್ಟು ದೊಡ್ಡ ಕೊಡೆ ಸಿಕ್ಕಂತಾಯಿತು. ಇರುವೆಯನ್ನು ಎಷ್ಟನೆಯ ಮಹಡಿಯಿಂದ ಬೀಳಿಸಿದರೂ ಅದು ಎದ್ದು ನಡೆಯುತ್ತದೆ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದು, ಆಳವಾದ ಗಣಿಯ ಗುಂಡಿಗೆ ಬಿದ್ದ ಇಲಿಮರಿ, ಹೆಗ್ಗಣ, ಮನುಷ್ಯ, ಕುದುರೆ ಇವರಲ್ಲಿ ಯಾರ ಗತಿ ಏನಾಗುತ್ತದೆ ಎಂದು ತಣ್ಣಗೆ ವಿವರಿಸಿದ್ದರು. ಇಲಿಮರಿ ಕೊಡವಿಕೊಂಡು ಓಡುತ್ತದೆ. ಗಾತ್ರ ಹೆಚ್ಚಿದಂತೆ ಪರಿಣಾಮ ಘೋರವಾಗುತ್ತಾ ಹೋಗುತ್ತದೆ, ಕುದುರೆಯ ಗತಿಯನ್ನು ಊಟದ ಹೊತ್ತಿನಲ್ಲಿ ಓದಬಾರದು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇಲಿಗೂ ಮನುಷ್ಯನಿಗೂ ನಡುವೆ ಬೆಕ್ಕಿದೆ. ಬೆಕ್ಕನ್ನು ಬೀಳಿಸಿ ನೋಡುವ ಚಪಲ ದೊಡ್ಡದೊಡ್ಡವರನ್ನೂ ಬಿಟ್ಟಿಲ್ಲ. ವಿದ್ಯುತ್-ಕಾಂತ ಸಿದ್ಧಾಂತದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೇಂಬ್ರಿಜ್‌ನಲ್ಲಿದ್ದಾಗ ಕಿಟಕಿಯಿಂದ ಬೆಕ್ಕು ಎಸೆಯುತ್ತಿದ್ದರೆಂಬ ವದಂತಿ ಎಷ್ಟೋ ವರ್ಷ ಉಳಿದಿತ್ತು. ಎಸೆಯುವುದಲ್ಲ, ಎಷ್ಟು ಬೇಗ ಹೊರಳುತ್ತದೆಂದು ತಿಳಿಯಲು ಮೇಜು ಅಥವಾ ಹಾಸಿಗೆಯ ಮೇಲೆ ಸುಮಾರು ಎರಡು ಅಂಗುಲ ಎತ್ತರದಿಂದ ಬಿಟ್ಟು ನೋಡುವುದು ಎಂದು ಸಮಜಾಯಿಷಿ ಹೇಳಬೇಕಾಯಿತೆಂದು ಅವರು ಹೆಂಡತಿಗೆ ಬರೆದರು. 1894ರಲ್ಲಿ ಪ್ಯಾರಿಸ್‌ನ ಎತಿಯೆನ್ ಜೂಲ್ ಮಾರೆ ಬೀಳುವ ಬೆಕ್ಕಿನ ಸಾಲು ಚಿತ್ರ ತೆಗೆದಾಗ ವಿಜ್ಞಾನ ಅಕಾಡೆಮಿಯ ಪಂಡಿತರಿಗೆ ಕಸಿವಿಸಿಯಾಯಿತು. ಒತ್ತಿ ತಿರುಗಲು ಆಧಾರವಿಲ್ಲದೆ, ಅಂಗಾತ ಬಿಟ್ಟ ಬೆಕ್ಕು ಗಾಳಿಯಲ್ಲಿ ಮಗುಚುವುದು ಹೇಗೆ? ಬೆಕ್ಕು ನಿಯಮ ಮುರಿಯುವುದಿಲ್ಲ, ನಡು ಬಗ್ಗಿಸುತ್ತದೆ. ಮುಂಗಾಲು ಮಡಚಿ ಮುಂಭಾಗವನ್ನು ಹೆಚ್ಚು ತಿರುಗಿಸುವಾಗ, ಚಾಚಿದ ಹಿಂಗಾಲಿನ ಹಿಂಭಾಗ ಎದುರು ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಆಮೇಲೆ ಇದನ್ನೇ ಹಿಂದುಮುಂದಾಗಿಸುತ್ತದೆ. ಇದಕ್ಕೆ ತೃಪ್ತಿಕರ ಗಣಿತ ಒದಗಿದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ.

ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು 1987ರಲ್ಲಿ ಪ್ರಕಟಿಸಿದ ವರದಿ ಇನ್ನೂ ವಿಚಿತ್ರ. ಬಹುಮಹಡಿ ಕಟ್ಟಡಗಳ ಕಿಟಕಿಯಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಪೈಕಿ ನೂರಕ್ಕೆ ತೊಂಬತ್ತು ಬದುಕಿದವು. ಏಳನೆಯ ಮಹಡಿಯವರೆಗೆ ಎತ್ತರ ಏರಿದಂತೆ ಗಾಯ ಹೆಚ್ಚುತ್ತಿತ್ತು, ಅದಕ್ಕಿಂತ ಮೇಲಿಂದ ಬಿದ್ದವಕ್ಕೆ ಗಾಯ ಕಡಿಮೆ! ಅಂತಿಮ ವೇಗ ಮುಟ್ಟಿದ ಮೇಲೆ ಬೆಕ್ಕಿಗೆ ವೇಗ ಹೆಚ್ಚುತ್ತಿರುವ ಅನುಭವ ಇಲ್ಲವಾಗಿ, ಅದು ಮೈ ಸಡಿಲಿಸಿ ಕಾಲು ಚಾಚುತ್ತದೆ ಎಂಬುದು ವೈದ್ಯರ ವಿವರಣೆ. ಇರಬಹುದು. ಆದರೆ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಇಪ್ಪತ್ತನೆಯ ಮಹಡಿಯಿಂದ ಬಿದ್ದು ಅಲ್ಲೇ ಮುಗಿದವು ಲೆಕ್ಕಕ್ಕೇ ಸಿಗದಿದ್ದರೆ, ಬದುಕಿ ಬಂದವನ್ನಷ್ಟೇ ಎಣಿಸಿ ಎತ್ತರ ಕ್ಷೇಮವೆಂದು ಹೇಳಿದ ಹಾಗಾಗುತ್ತದೆ. ನನಗೆ ಈ ಆಕ್ಷೇಪಣೆಯೇ ಹೆಚ್ಚು ತೂಕದ್ದೆನಿಸುತ್ತದೆ. ಬೆಕ್ಕು ಸಾಕಿದವರು ಕಿಟಕಿಗೆ ಜಾಲರಿ ಹಾಕಿಸುವುದು ಲೇಸು.

ಬೀಳುವುದನ್ನೇ ಬದುಕಿನ ದಾರಿ ಮಾಡಿಕೊಂಡವೂ ಇವೆ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಪರಿಚಯ ಮಾಡಿಸಬೇಕಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲೂ ಅಡಿಕೆ ತೋಟದಲ್ಲೂ ಇರುವ ಈ ಓತಿ ರೆಕ್ಕೆ ಬಡಿದು ಹಾರುವುದಿಲ್ಲ. ಉದ್ದನೆಯ ಪಕ್ಕೆಲುಬುಗಳನ್ನು ಬಿಡಿಸಿ, ಅವಕ್ಕೆ ಅಂಟಿದ ಚರ್ಮವನ್ನು ಹಾಸಿ, ಬೀಳುವುದನ್ನು ಓರೆಯಾಗಿಸಿಕೊಂಡು ಹತ್ತಾರು ಮೀಟರ್ ಆಚೆಯ ಮರಕ್ಕೆ ಅಂಟಿಕೊಳ್ಳುತ್ತದೆ. ಎತ್ತರವೆಂಬ ಬಂಡವಾಳವನ್ನು ದೂರವಾಗಿ ಬದಲಾಯಿಸಿಕೊಳ್ಳುವ ವ್ಯಾಪಾರ. ಆಮೇಲೆ ಮತ್ತೆ ಮರ ಹತ್ತಿ ಬಂಡವಾಳ ಕೂಡಿಸಬೇಕು. ಎಕ್ಕದ ಬೀಜ ಇನ್ನೂ ಉದಾಸೀನ, ತನ್ನ ಬಿಳಿ ನವಿರುಗಳ ಮೇಲೆ ಭಾರ ಹಾಕಿ ಗಾಳಿ ಕರೆದಲ್ಲಿಗೆ ಹೋಗುತ್ತದೆ.

ಮನುಷ್ಯನ ಅಂತಿಮ ವೇಗ, ಹೊಟ್ಟೆ ಕೆಳಗಾಗಿ ಕೈಕಾಲು ಚಾಚಿ ಬಿದ್ದರೆ, ಗಂಟೆಗೆ ಸುಮಾರು 200 ಕಿಲೋಮೀಟರ್. ಇದು ಕೆಳಗಿನ ದಟ್ಟ ಗಾಳಿಯ ಲೆಕ್ಕ. ಆಸ್ಟ್ರಿಯದ ಫೆಲಿಕ್ಸ್ ಬಾಮ್‌ಗಾರ್ಟ್ನರ್ 2012ರ ಅಕ್ಟೋಬರ್ 14ರಂದು ಬಲೂನಿನಲ್ಲಿ 39 ಕಿಲೋಮೀಟರ್ ಮೇಲೇರಿ ಅಲ್ಲಿಂದ ಧುಮುಕಿದಾಗ, ಸುತ್ತ ಗಾಳಿ ಇದ್ದೂ ಇಲ್ಲದಂತಿತ್ತು. ಒಂದು ನಿಮಿಷ ತುಂಬುವ ಮೊದಲೇ ಅವರ ವೇಗ ಗಂಟೆಗೆ 1,357 ಕಿಲೋಮೀಟರಿಗೆ ಮುಟ್ಟಿತು, ಸದ್ದಿನ ವೇಗವನ್ನೇ ಮೀರಿತು. ಅಲ್ಲಿಂದ ಕೆಳಗೆ ಬಂದಂತೆ ಅವರು ನಿಧಾನವಾಗುತ್ತಾ ಹೋದರು. ಪ್ಯಾರಾಚೂಟ್ ಇನ್ನೂ ಬಿಚ್ಚಿರಲಿಲ್ಲ, ದಪ್ಪವಾಗುತ್ತಾ ಬಂದ ಗಾಳಿಯೇ ಬ್ರೇಕು ಹಾಕಿತು. ಭೂಮಿಗೆ ಹತ್ತಿರವಾದಷ್ಟೂ ವೇಗ ಕಡಿಮೆಯಾಗುವ ಪತನ ಅದು.

ಗಾಳಿಯೇ ಇಲ್ಲದ ಲೋಕವೊಂದರಲ್ಲಿ ಬೀಳುವುದನ್ನು ನೋಡಲು ಜಗತ್ತು 1971ರ ಆಗಸ್ಟ್ 2ರವರೆಗೆ ಕಾಯಬೇಕಾಯಿತು. ಅಪೊಲೊ 15ರ ಕಮಾಂಡರ್ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟರು. ಟೀವಿ ಕ್ಯಾಮೆರಾದ ಮುಂದೆ ಎರಡೂ ಜತೆಯಾಗಿ, ನಿಧಾನಕ್ಕೆ ನೆಲ ಮುಟ್ಟಿದವು. ಮನೆಯಲ್ಲೇ ಮಾಡಬೇಕಿದ್ದರೆ ಚಂದ್ರನವರೆಗೆ ಹೋಗಬೇಕಿಲ್ಲ. ಒಂದು ದಪ್ಪ ಪುಸ್ತಕದ ಮೇಲೆ ಅದಕ್ಕಿಂತ ಚಿಕ್ಕದಾದ ಕಾಗದದ ಚೂರು ಇಟ್ಟು ಪುಸ್ತಕವನ್ನು ಬಿಡಿ. ಪುಸ್ತಕ ಗಾಳಿಯನ್ನು ಸೀಳಿ ದಾರಿ ಮಾಡಿಕೊಡುತ್ತದೆ, ಕಾಗದ ಕದಲದೆ ಅದರ ಬೆನ್ನ ಮೇಲೇ ಇಳಿಯುತ್ತದೆ.

ಬೆಣ್ಣೆ ಹಚ್ಚಿದ ಬ್ರೆಡ್ಡು ಮೇಜಿನಿಂದ ಜಾರಿದರೆ ಬೆಣ್ಣೆಯ ಮುಖವೇ ನೆಲಕ್ಕೆ ಬೀಳುತ್ತದೆಂಬ ಗೊಣಗಾಟವನ್ನು ರಾಬರ್ಟ್ ಮ್ಯಾಥ್ಯೂಸ್ ಎಂಬ ಬ್ರಿಟಿಷ್ ವಿಜ್ಞಾನ ಲೇಖಕ 1995ರಲ್ಲಿ ಗಣಿತಕ್ಕಿಳಿಸಿದರು. ಅದೃಷ್ಟದ ಮಾತೇ ಇಲ್ಲ. ಅಂಚಿನಿಂದ ಜಾರುವಾಗ ಬ್ರೆಡ್ಡು ತಿರುಗತೊಡಗುತ್ತದೆ, ಮುಕ್ಕಾಲು ಮೀಟರ್ ಎತ್ತರ ಇಳಿಯಲು ಸಿಗುವ 0.4 ಸೆಕೆಂಡಿನಲ್ಲಿ ಅರ್ಧ ಸುತ್ತಿಗಷ್ಟೇ ಸಮಯ. ಬೆಣ್ಣೆ ಮೇಲೇ ಉಳಿಯಬೇಕಾದರೆ ಮೇಜು ಮೂರು ಮೀಟರ್ ಎತ್ತರ ಇರಬೇಕು. ಮನುಷ್ಯ ಅದಕ್ಕಿಂತ ಎತ್ತರ ಬೆಳೆದರೆ ಮುಗ್ಗರಿಸಿ ಬಿದ್ದಾಗ ತಲೆ ಉಳಿಯುವುದಿಲ್ಲವಾದ್ದರಿಂದ, ಬೆಣ್ಣೆ ಮಣ್ಣುಪಾಲಾಗುವುದು ವಿಶ್ವದ ಮೂಲ ಸ್ಥಿರಾಂಕಗಳಲ್ಲೇ ಬರೆದಿಟ್ಟದ್ದು ಎಂದು ಅವರು ಮುಖ ಗಂಭೀರ ಮಾಡಿಕೊಂಡು ತೀರ್ಮಾನಿಸಿದರು. ಅವರಿಗೂ ಇಗ್ ನೊಬೆಲ್ ಸಿಕ್ಕಿತು. ಮುಂದೆ ಬ್ರಿಟನ್ನಿನ ಶಾಲಾ ಮಕ್ಕಳು ಹತ್ತಿರ ಹತ್ತಿರ ಹತ್ತು ಸಾವಿರ ಸಲ ಬ್ರೆಡ್ಡು ಬೀಳಿಸಿ ನೋಡಿದಾಗ ಶೇ. 62ರಷ್ಟು ಸಲ ಬೆಣ್ಣೆ ಕೆಳಗಾಯಿತು.

ಗುರುತ್ವ ಕೊಡುವುದಕ್ಕಿಂತ ಬೇಗ ಬೀಳಲು ಸಾಧ್ಯವೇ? ತಳ್ಳದೆ, ಎಸೆಯದೆ? ಮರದ ಒಂದು ಮೀಟರ್ ಸ್ಕೇಲಿನ ಒಂದು ತುದಿಯನ್ನು ಮೇಜಿಗೆ ಊರಿ, ಇನ್ನೊಂದನ್ನು ತುಸು ಮೇಲೆತ್ತಿ, ಉದ್ದಕ್ಕೂ ನಾಣ್ಯ ಜೋಡಿಸಿ ಕೈಬಿಡಿ. ಊರಿದ ತುದಿಯಿಂದ ಮೂರನೇ ಎರಡು ಭಾಗ ದಾಟಿದ ಮೇಲಿನ ನಾಣ್ಯಗಳು ಗಾಳಿಯಲ್ಲೇ ಹಿಂದುಳಿಯುತ್ತವೆ, ಸ್ಕೇಲು ಅವುಗಳ ಅಡಿಯಿಂದ ಜಾರಿಕೊಂಡು ಮುಂದೆ ಹೋಗುತ್ತದೆ. ಸ್ಕೇಲಿನ ತುದಿಯ ವೇಗೋತ್ಕರ್ಷ ಗುರುತ್ವದ ಒಂದೂವರೆ ಪಟ್ಟಿನಷ್ಟಾಗುತ್ತದೆ. ನಿಯಮಭಂಗವೇನೂ ಆಗಿಲ್ಲ. ಊರಿದ ತುದಿಯ ಬಳಿಯ ಭಾಗ ತನ್ನ ಪಾಲಿಗಿಂತ ನಿಧಾನ ಬೀಳಬೇಕಾದ್ದರಿಂದ, ಬಿಗಿಯಾದ ಮರ ಆ ಉಳಿತಾಯವನ್ನು ತುದಿಗೆ ದಾಟಿಸುತ್ತದೆ. ಹಳೆಯ ಕಾರ್ಖಾನೆಯ ಇಟ್ಟಿಗೆ ಚಿಮಣಿ ಕೆಡವುವಾಗ ಅದು ನೆಲ ಮುಟ್ಟುವ ಮೊದಲೇ ನಡುವೆ ಮುರಿಯುವುದೂ ಇದರಿಂದಲೇ, ಇಟ್ಟಿಗೆಗೆ ಮರದಷ್ಟು ಬಿಗಿ ಇಲ್ಲ.

ಒಂದೇ ನ್ಯಾಯ ಎಂದಾಗ ಊರಿಂದೂರಿಗೆ ಸಣ್ಣ ವ್ಯತ್ಯಾಸವಿದೆ ಎಂಬುದನ್ನೂ ಹೇಳಬೇಕು. ಫ್ರೆಂಚ್ ಖಗೋಳಜ್ಞ ಜಾನ್ ರಿಷೆ 1672ರಲ್ಲಿ ಪ್ಯಾರಿಸ್‌ನಿಂದ ಸಮಭಾಜಕದ ಬಳಿಯ ಕಯೆನ್‌ಗೆ ಲೋಲಕದ ಗಡಿಯಾರ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಭೂಮಿ ತಿರುಗುತ್ತದೆ, ನಡುವಿನಲ್ಲಿ ಉಬ್ಬಿದೆ, ಹಾಗಾಗಿ ಅಲ್ಲಿ ಸೆಳೆತ ತುಸು ಸಡಿಲ. ಬೆಂಗಳೂರಿನಲ್ಲಿ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ 9.78 ಮೀಟರಿನಂತೆ ಹೆಚ್ಚುತ್ತದೆ, ಧ್ರುವದಲ್ಲಿ 9.83. ಸ್ಪ್ರಿಂಗಿನ ತಕ್ಕಡಿಯಲ್ಲಿ ಅಲ್ಲಿ 60 ಕಿಲೋ ತೂಗುವವರು ಇಲ್ಲಿಗೆ ಬಂದರೆ ಉಪವಾಸವಿಲ್ಲದೆ 300 ಗ್ರಾಂ ಇಳಿಯುತ್ತಾರೆ. ಇನ್ನೂ ಸಡಿಲವಾದ ಜಾಗ ಶ್ರೀಲಂಕಾದ ದಕ್ಷಿಣಕ್ಕಿದೆ. ಅಲ್ಲಿ ಗುರುತ್ವ ಇರಬೇಕಾದ್ದಕ್ಕಿಂತ ದುರ್ಬಲ, ಅಲ್ಲಿನ ನೀರು ಬೇರೆಡೆಗೆ ಸೆಳೆಯಲ್ಪಟ್ಟು ಸಮುದ್ರದ ಮೇಲ್ಮೈ 106 ಮೀಟರ್ ತಗ್ಗಾಗಿದೆ. ಹಡಗಿನಲ್ಲಿ ಹೋಗುವವರಿಗೆ ಈ ತಗ್ಗು ತಿಳಿಯುವುದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಆಫ್ರಿಕಾದ ಅಡಿಯಿಂದ ಹರಿದುಬಂದ ಬಿಸಿಯಾದ, ಸಾಂದ್ರತೆ ಕಡಿಮೆಯಿರುವ ಶಿಲೆ ಈ ಸಾಗರದ ಕೆಳಗೆ ಆಳದಲ್ಲಿ ಸೇರಿಕೊಂಡಿದೆ ಎಂಬುದು ಅದರ ಸಾರ.

ಇಷ್ಟು ಹೊತ್ತು ಮಾತಾಡಿದ್ದು ಹೊರಗೆ ನಿಂತು ನೋಡುವವರ ಕಡೆಯಿಂದ. ಬೀಳುತ್ತಿರುವವರಿಗೆ ಏನನಿಸುತ್ತದೆ? ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ತೂತು ಮಾಡಿ ನೀರು ತುಂಬಿ. ನೀರು ಚಿಮ್ಮುತ್ತಿರುವಾಗಲೇ ಮೇಲಿಂದ ಬಾಟಲಿ ಬಿಟ್ಟರೆ, ಅದು ಬೀಳುವಷ್ಟು ಹೊತ್ತು ನೀರು ಹೊರಬರುವುದಿಲ್ಲ. ನೀರೂ ಬಾಟಲಿಯೂ ಒಂದೇ ಬಗೆಯಲ್ಲಿ ಬೀಳುವಾಗ ಒಂದನ್ನೊಂದು ಒತ್ತಲು ಕಾರಣವೇ ಇಲ್ಲ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೂತಿದ್ದ ಐನ್‌ಸ್ಟೈನ್‌ಗೆ ಹೊಳೆದದ್ದೂ ಇದೇ, ಮುಕ್ತವಾಗಿ ಬೀಳುವವನಿಗೆ ತನ್ನ ತೂಕ ತಿಳಿಯುವುದಿಲ್ಲ ಎಂದು. ತನ್ನ ಬಾಳಿನ ಅತ್ಯಂತ ಸಂತೋಷದ ವಿಚಾರ ಅದೆಂದು ಅವರು ಮುಂದೆ ನೆನೆದರು. ನಾವು ದಿನವಿಡೀ ಗುರುತ್ವವೆಂದು ಅನುಭವಿಸುವುದು ನಿಜವಾಗಿ ನೆಲ ನಮ್ಮನ್ನು ಮೇಲಕ್ಕೊತ್ತುವುದನ್ನು.

ಅಂತರಿಕ್ಷ ನಿಲ್ದಾಣದಲ್ಲಿ ಗುರುತ್ವವಿಲ್ಲ ಎನ್ನುವುದು ಆದ್ದರಿಂದ ತಪ್ಪು. ನಾನೂರು ಕಿಲೋಮೀಟರ್ ಎತ್ತರದಲ್ಲಿ ನೆಲದ ಮೇಲಿನದರ ನೂರಕ್ಕೆ ತೊಂಬತ್ತರಷ್ಟು ಸೆಳೆತ ಇದ್ದೇ ಇದೆ. ನಿಲ್ದಾಣ ಪ್ರತಿ ಸೆಕೆಂಡಿಗೆ ನಾಲ್ಕೂಕಾಲು ಮೀಟರಿಗಿಂತ ತುಸು ಹೆಚ್ಚು ಬೀಳುತ್ತದೆ. ಅದೇ ಸೆಕೆಂಡಿನಲ್ಲಿ ಅದು ಏಳೂವರೆ ಕಿಲೋಮೀಟರಿಗೂ ಹೆಚ್ಚು ಮುಂದೆ ಸಾಗಿರುವುದರಿಂದ ಭೂಮಿಯ ಮೈಯೂ ಅಷ್ಟೇ ಬಾಗಿ ದೂರ ಸರಿದಿರುತ್ತದೆ. ಬೀಳುವುದು ಮುಗಿಯುವುದೇ ಇಲ್ಲ. ಸೂರ್ಯನ ಸುತ್ತ ಭೂಮಿಯ ಪಾಡೂ ಇದೇ. ಎಲ್ಲ ಕಡೆಗೂ ಆಕಾಶ ಸಮನಾಗಿರುವಾಗ ಭೂಮಿ ತಾನು ಬೀಳುವುದಾದರೂ ಎಲ್ಲಿಗೆ ಎಂದು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಕೇಳಿದ್ದರು, ಭಾರದ ವಸ್ತುಗಳನ್ನು ಭೂಮಿ ತನ್ನೆಡೆಗೆ ಸೆಳೆಯುತ್ತದೆಂದೂ ಬರೆದಿದ್ದರು. ಇದನ್ನು ಹಿಡಿದುಕೊಂಡು ನ್ಯೂಟನ್‌ನ ನಿಯಮ ನಮ್ಮಲ್ಲಿ ಮೊದಲೇ ಇತ್ತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಸಾಧಿಸುವವರಿದ್ದಾರೆ. ದೂರದೊಂದಿಗೆ ಸೆಳೆತ ಎಷ್ಟು ಕುಗ್ಗುತ್ತದೆಂಬ ಲೆಕ್ಕ ಭಾಸ್ಕರರಲ್ಲಿಲ್ಲ. ಆ ಪ್ರಶ್ನೆಯ ಚೆಲುವಿಗೆ ಈ ಸುಳ್ಳು ಕಿರೀಟ ಬೇಕಾಗಿಯೂ ಇಲ್ಲ.

2025ರ ಜೂನ್-ಜುಲೈನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗವೊಂದು ಜತೆಗಿತ್ತು, ಮೆಂತ್ಯ ಮತ್ತು ಹೆಸರುಕಾಳನ್ನು ಅಲ್ಲಿ ಮೊಳಕೆ ಬರಿಸುವುದು. ಮೊಳಕೆಯ ಬೇರಿಗೆ ಕೆಳಗು ಯಾವುದೆಂದು ತಿಳಿಯುವುದೂ ಬೀಳುವಿಕೆಯಿಂದಲೇ. ಬೇರಿನ ತುದಿಯ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರುತ್ತವೆ. ಬೇರು ವಾಲಿದರೆ ಅವು ಕೋಶದ ತಳಕ್ಕೆ ಜಾರಿ ಬೀಳುತ್ತವೆ, ಅವು ಬಿದ್ದ ಕಡೆಗೆ ಬೇರು ಬಾಗುತ್ತದೆ. ಕಣ, ಕೋಶ, ಕಾಳು, ಯಾತ್ರಿ ಎಲ್ಲವೂ ಒಟ್ಟಿಗೆ ಬೀಳುತ್ತಿರುವ ಜಾಗದಲ್ಲಿ ಕಣಕ್ಕೆ ತಳವೇ ಇಲ್ಲ.

ಸ್ಟೆವಿನ್ ಕೇಳಿದ ಒಂದೇ ಸದ್ದು ನಿಜಕ್ಕೂ ಒಂದೇನೇ ಎಂಬ ಅನುಮಾನ ಭೌತವಿಜ್ಞಾನಿಗಳನ್ನು ಇನ್ನೂ ಬಿಟ್ಟಿಲ್ಲ. 2016ರಲ್ಲಿ ಹಾರಿಸಿದ ಫ್ರಾನ್ಸಿನ ಮೈಕ್ರೊಸ್ಕೋಪ್ ಉಪಗ್ರಹದೊಳಗೆ ಟೈಟೇನಿಯಂ ಮಿಶ್ರಲೋಹದ ಒಂದು ಉರುಳೆ, ಪ್ಲಾಟಿನಂ ಮಿಶ್ರಲೋಹದ ಇನ್ನೊಂದು ಉರುಳೆ ಜತೆಜತೆಯಾಗಿ ಭೂಮಿಯ ಸುತ್ತ ಬೀಳುತ್ತಿದ್ದವು. 2022ರಲ್ಲಿ ಬಂದ ಕೊನೆಯ ವರದಿಯ ಪ್ರಕಾರ ಹತ್ತು ಕೋಟಿ ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಸೂಕ್ಷ್ಮವಾಗಿ ಹುಡುಕಿದರೂ ಎರಡರ ನಡುವೆ ವ್ಯತ್ಯಾಸವಿಲ್ಲ. ಐನ್‌ಸ್ಟೈನ್‌ನ ಸಿದ್ಧಾಂತ ನಿಂತಿರುವುದೇ ಈ ಸಮಾನತೆಯ ಮೇಲೆ. ಎಲ್ಲೋ ಒಂದು ಕಡೆ ಕೂದಲೆಳೆಯ ಅಂತರ ಸಿಕ್ಕಿದರೆ ಅದನ್ನು ಕಂಡವರಿಗೆ ಸಿಗುವುದು ಇಗ್ ನೊಬೆಲ್ ಅಲ್ಲ, ಅಸಲಿ ನೊಬೆಲ್.

ಉಳಿದಿದ್ದವನು ಒಬ್ಬ ಅನುಮಾನಾಸ್ಪದ ಆಸಾಮಿ, ಪ್ರತಿದ್ರವ್ಯ. ಅದು ಕೆಳಗೆ ಬೀಳುವ ಬದಲು ಮೇಲಕ್ಕೆ ಬಿದ್ದರೆ? ಹೆಚ್ಚಿನವರು ಹಾಗಾಗದೆಂದೇ ನಂಬಿದ್ದರು, ಆದರೆ ಬಿಟ್ಟು ನೋಡಿದವರಿರಲಿಲ್ಲ. ಮುಟ್ಟಿದ ಸಾಮಾನ್ಯ ವಸ್ತುವನ್ನೂ ತನ್ನನ್ನೂ ಇಲ್ಲವಾಗಿಸಿಕೊಳ್ಳುವ ಪದಾರ್ಥವನ್ನು ಹಿಡಿದಿಟ್ಟುಕೊಂಡು, ಆಮೇಲೆ ಮೆಲ್ಲಗೆ ಕೈಬಿಡುವುದು ಸುಲಭವಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಆಲ್ಫಾ ತಂಡ ಪ್ರತಿ-ಹೈಡ್ರೋಜನ್ ಪರಮಾಣುಗಳನ್ನು ಅತಿಶೀತಲವಾಗಿಸಿ, ನೆಟ್ಟಗೆ ನಿಲ್ಲಿಸಿದ ಕಾಂತೀಯ ಬೋನಿನಲ್ಲಿ ಕೂಡಿಹಾಕಿ, ಮೇಲಿನ ಮತ್ತು ಕೆಳಗಿನ ಬಾಗಿಲನ್ನು ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ತೆರೆಯಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಫಲಿತಾಂಶದಂತೆ ಸುಮಾರು ನೂರಕ್ಕೆ ಎಂಬತ್ತು ಕೆಳಗಿನ ಬಾಗಿಲಿನಿಂದ ಹೊರಬಿದ್ದವು. ಸಾಮಾನ್ಯ ಹೈಡ್ರೋಜನ್ ಆಗಿದ್ದರೂ ಹೆಚ್ಚುಕಡಿಮೆ ಅಷ್ಟೇ ಬೀಳಬೇಕೆಂದು ಕಂಪ್ಯೂಟರ್ ಲೆಕ್ಕ ಹೇಳಿತ್ತು. ಅಳೆದ ವೇಗೋತ್ಕರ್ಷ ಮಾಮೂಲಿನ 0.75 ಪಟ್ಟು, ಆದರೆ ಅಳತೆಯ ಏರುಪೇರು ಎರಡೂ ಕಡೆಗೆ ದೊಡ್ಡದಾದ್ದರಿಂದ ಅದು ನಿಜವಾಗಿ ಒಂದೇ ಇರಲು ಅಡ್ಡಿಯಿಲ್ಲ. ಆ ಏರುಪೇರನ್ನು ಶೇ. 1ಕ್ಕೆ ಇಳಿಸುವುದು ಆ ತಂಡದ ಮುಂದಿನ ಗುರಿ.